ಬಲಗಡೆಯ ಒಂದಿಂಚು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬರೆಯಲು ಬರುವುದಿಲ್ಲ. ಬೇರೆಯವರು ಬರೆದದ್ದನ್ನು ಕುಟ್ಟುವುದು ನನ್ನ ಕಸುಬು. ಇಪ್ಪತ್ತೇಳು ವರ್ಷದಿಂದ ಕುಟ್ಟುತ್ತಿದ್ದೇನೆ, ಮೊದಲು ಟೈಪ್‌ರೈಟರಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ಆದರೂ ರಟ್ಟಣ್ಣನ ಕಥೆಯನ್ನು ನಾನೇ ಹೇಳಬೇಕು. ಯಾಕೆಂದರೆ ಅವನು ಜಪ್ಪಯ್ಯ ಅಂದರೂ ಬಾಯಿ ಬಿಡುವವನಲ್ಲ, ಮತ್ತು ಆದ ಅನಾಹುತದಲ್ಲಿ ಅರ್ಧ ಪಾಲು ನನ್ನದು.

ರಟ್ಟಣ್ಣ ಅಂದರೆ ನನ್ನ ಪಕ್ಕದ ಅಂಗಡಿಯ ಬೈಂಡರ್. ಪುಸ್ತಕಕ್ಕೆ ರಟ್ಟು ಹಾಕುವವನಾದ್ದರಿಂದ ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ. ನಮ್ಮಿಬ್ಬರ ಅಂಗಡಿಗಳ ನಡುವೆ ಒಂದೇ ಗೋಡೆ, ಅದೂ ಮುಕ್ಕಾಲು ಎತ್ತರಕ್ಕೆ. ಮೇಲಿನಿಂದ ಅವನ ಅಂಟಿನ ವಾಸನೆ ನನ್ನ ಕಡೆಗೆ, ನನ್ನ ಬೈಗುಳ ಅವನ ಕಡೆಗೆ ದಾಟುತ್ತವೆ. ನಾನು ದಿನವಿಡೀ ವಟಗುಟ್ಟುತ್ತೇನೆ, ಅವನು ಹೂಂ ಅನ್ನುತ್ತಾನೆ. ಮೂವತ್ತೆಂಟು ವರ್ಷ ದಬ್ಬಣ ಹಿಡಿದು ಅವನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿಹೋಗಿದೆ. ಅವನು ಹೊಲಿದ ಪುಸ್ತಕವನ್ನು ಎರಡು ರಟ್ಟು ಹಿಡಿದು ಜಾಡಿಸಿದರೂ ಒಂದು ಹಾಳೆ ಅಲುಗಾಡುವುದಿಲ್ಲ.

ಅವನದೊಂದು ವ್ರತವಿತ್ತು. ತಾನು ಬೈಂಡ್ ಮಾಡುವ ಯಾವುದನ್ನೂ ಓದುತ್ತಿರಲಿಲ್ಲ. ಓದು ಬಾರದೆ ಅಲ್ಲ, ಚೆನ್ನಾಗಿಯೇ ಬರುತ್ತದೆ. “ಕಣ್ಣು ಅಕ್ಷರದ ಮೇಲೆ ಹೋದರೆ ಕೈ ಸೊಟ್ಟಗಾಗುತ್ತೆ ಟೈಪಮ್ಮ” ಅನ್ನುತ್ತಿದ್ದ. ಹಾಳೆಗಳನ್ನು ಕವುಚಿ ಹಾಕಿಕೊಂಡೇ ತಟ್ಟಿ ಸರಿಮಾಡುವುದು, ಕವುಚಿ ಹಾಕಿಕೊಂಡೇ ತೂತು ಹಾಕುವುದು. ಜನಕ್ಕೂ ಅದೇ ಬೇಕಾಗಿತ್ತು. ವಕೀಲರು ಉಯಿಲುಪತ್ರ ತಂದು ಕೊಡುತ್ತಿದ್ದರು, ಗಂಡನನ್ನು ಬಿಟ್ಟ ಹೆಂಗಸರು ಡೈರಿ ತಂದು ಕೊಡುತ್ತಿದ್ದರು. ಒಮ್ಮೆ ಒಬ್ಬ ಮುದುಕ ತನ್ನ ಹಳೇ ಪ್ರೇಮಪತ್ರಗಳ ಕಟ್ಟು ತಂದಿದ್ದ. ನಾನು ಗೋಡೆಯ ಮೇಲಿಂದ ಇಣುಕಿ, “ಒಂದೇ ಒಂದು ಓದಿ ಹೇಳೋ ಅಣ್ಣ, ನಿನ್ನ ದಮ್ಮಯ್ಯ” ಎಂದು ಅಂಗಲಾಚಿದೆ. ಅವನು ಅದರ ಮೇಲೆ ಒಂದು ರಟ್ಟು ಮುಚ್ಚಿಟ್ಟ. ಆ ಕಟ್ಟುನಿಟ್ಟಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ ಇತ್ತು. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಇನ್ನು ಅವನ ಅಕ್ಕ. ನನಗೆ ಮೂರನೇ ತರಗತಿಯಲ್ಲಿ ಪಾಠ ಹೇಳಿದ ಟೀಚರು ಅವರೇ. ತಾಯಿ ತೀರಿಕೊಂಡಾಗ ಟೀಚರಿಗೆ ಹದಿನೇಳು, ರಟ್ಟಣ್ಣನಿಗೆ ಆರು. ತಮ್ಮನನ್ನು ಸಾಕಿದರು, ಅಕ್ಷರ ಕಲಿಸಿದರು, ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿಸಿದರು, ಮದುವೆ ಮಾಡಿದರು. ತಾವು ಮಾತ್ರ ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ತಮ್ಮನ ಮನೆಯ ಮುಂದಿನ ಕೋಣೆಗೆ ಬಂದು, ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ಹನ್ನೊಂದು ವರ್ಷ ಬರೆದರು. ತಾವು ಪಾಠ ಹೇಳಿದ ಮಕ್ಕಳ ಬಗ್ಗೆ, ಒಂದೊಂದು ಮಗುವಿಗೆ ಒಂದೊಂದು ಅಧ್ಯಾಯ. ರಟ್ಟಣ್ಣ ದಿನಕ್ಕೆ ನಾಲ್ಕು ಸಲ ಆ ಮೇಜಿನ ಪಕ್ಕದಲ್ಲೇ ಓಡಾಡುತ್ತಿದ್ದ. ಅಕ್ಕನ ಪೆನ್ನಿಗೆ ಶಾಯಿ ತಂದುಕೊಡುತ್ತಿದ್ದ, ಕಾಗದ ತಂದುಕೊಡುತ್ತಿದ್ದ. ಬರೆದ ಹಾಳೆಗಳ ಕಡೆ ತಲೆ ತಿರುಗಿಸುತ್ತಿರಲಿಲ್ಲ.

ಟೀಚರ ಹಳೇ ವಿದ್ಯಾರ್ಥಿಯೊಬ್ಬ ಎರಡು ಅಧ್ಯಾಯಗಳನ್ನು ಕಡಲಾಚೆಯ ಒಬ್ಬ ಪ್ರಕಾಶಕರಿಗೆ ಕಳಿಸಿದ್ದ. ಅವರಿಂದ ಪತ್ರ ಬಂತು. ಇಡೀ ಪುಸ್ತಕವನ್ನು ನಿಮ್ಮ ಭಾಷೆಯಲ್ಲೇ ಕಳಿಸಿ, ಅನುವಾದ ನಾವು ಮಾಡಿಸಿಕೊಳ್ಳುತ್ತೇವೆ, ಆದರೆ ಇಂಥ ತಾರೀಕಿನೊಳಗೆ ತಲುಪಬೇಕು ಎಂದು. ಜೊತೆಗೆ ಎರಡು ಪುಟ ನಿಯಮ. ಒಂದೇ ಬದಿಗೆ ಮುದ್ರಿಸಬೇಕು. ಸಾಲಿನ ನಡುವೆ ಎರಡರಷ್ಟು ಜಾಗ. ಎಡಗಡೆ ಒಂದೂವರೆ ಇಂಚು ಮಾರ್ಜಿನ್, ಉಳಿದ ಮೂರೂ ಕಡೆ ಒಂದೊಂದು ಇಂಚು. ಒಳಪುಟಗಳಲ್ಲಿ ಲೇಖಕರ ಹೆಸರು ಕೂಡದು. ಪಿನ್ನು ಹೊಡೆಯಬಾರದು, ಪ್ಲಾಸ್ಟಿಕ್ ಸುರುಳಿ ಹಾಕಬಾರದು, ಗಟ್ಟಿ ರಟ್ಟಿನ ಬೈಂಡಿಂಗ್ ಬೇಕು.

ನಾನು ಅದನ್ನು ಟೀಚರ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದಿ, ಅರ್ಥ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ರಟ್ಟಣ್ಣ, “ಎಡಗಡೆ ಒಂದೂವರೆ, ಬಲಗಡೆ ಒಂದು” ಎಂದು ಬೆರಳು ಮಡಚಿಕೊಂಡ. ಅವನ ಕಿವಿಗೆ ಬಿದ್ದದ್ದು ಅಷ್ಟೇ.

ನಾನು ಆರು ವಾರದಲ್ಲಿ ಟೈಪ್ ಮಾಡಿದೆ. ಮುನ್ನೂರ ಹನ್ನೆರಡು ಪುಟ. ಟೀಚರದು ತಿದ್ದುವ ಕೈ. ನನ್ನ ಅಂಗಡಿಯ ಬೋರ್ಡಿನಲ್ಲೂ ತಪ್ಪು ಹುಡುಕುತ್ತಿದ್ದವರು. ಹಾಗಾಗಿ ಅವರಿಗೆ ಓದಲು ಕೊಟ್ಟ ಕರಡಿನಲ್ಲಿ ಬಲಗಡೆ ಎರಡು ಇಂಚು ಜಾಗ ಬಿಟ್ಟು ಪ್ರಿಂಟ್ ತೆಗೆದೆ. ಅವರು ತಿದ್ದಿ ಕೊಟ್ಟ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿ, ನಿಯಮದ ಪ್ರಕಾರ ಹೊಸ ಪ್ರತಿ ತೆಗೆಯುವುದು, ಅದು ರಟ್ಟಣ್ಣನ ಕೈಗೆ ಹೋಗುವುದು. ಇದು ನನಗೂ ಟೀಚರಿಗೂ ಆದ ಮಾತು. ರಟ್ಟಣ್ಣನಿಗೆ ಯಾರೂ ಹೇಳಲಿಲ್ಲ. ಅವನು ಕೇಳುವವನೂ ಅಲ್ಲವಲ್ಲ!

ಟೀಚರು ತಿದ್ದುವ ರೀತಿಯೇ ಬೇರೆ. ಮಕ್ಕಳು ಬರೆದದ್ದರ ಮೇಲೆ ಗೀಚಿದರೆ ಮಕ್ಕಳ ಮುಖಕ್ಕೆ ಗೀಚಿದ ಹಾಗೆ ಎಂದು ನಂಬಿದ್ದವರು. ಸಾಲನ್ನು ಹೊಡೆದುಹಾಕುತ್ತಿರಲಿಲ್ಲ. ಸಾಲಿನ ಕೊನೆಗೆ ಒಂದು ಚುಕ್ಕೆ ಇಟ್ಟು, ಅದರ ಎದುರು ಮಾರ್ಜಿನ್ನಿನಲ್ಲಿ ಸೀಸದಕಡ್ಡಿಯಿಂದ ನವಿರಾಗಿ ಬರೆಯುತ್ತಿದ್ದರು, ಅಂಚಿನವರೆಗೂ. ಎರಡು ತಿಂಗಳು ಹೀಗೆ ತಿದ್ದಿ, ಒಂದು ಬುಧವಾರ ಫೋನ್ ಮಾಡಿದರು. “ಮುಗೀತು ಕಣೇ. ನಾಳೆ ಬಂದು ತಗೊಂಡು ಹೋಗು.”

ಮಾರನೇ ದಿನ ನಾನು ಹೋಗಲಿಲ್ಲ. ಯಾವುದೋ ಕಂಪನಿಯ ವಾರ್ಷಿಕ ವರದಿ ತಲೆಯ ಮೇಲೆ ಕೂತಿತ್ತು. ಹತ್ತು ನಿಮಿಷದ ದಾರಿ. ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಷಿನ್ ಇದೆ, ಆ ಕಟ್ಟು ತಂದು ಒಂದು ಪ್ರತಿ ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ಮುಖಕ್ಕಿಷ್ಟು.

ಶುಕ್ರವಾರ ಬೆಳಿಗ್ಗೆ ಟೀಚರು ಬಚ್ಚಲಲ್ಲಿ ಬಿದ್ದರು. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಡಾಕ್ಟರು ಎರಡು ದಿನ ಏನೂ ಹೇಳಲಾಗದು ಎಂದರು. ಪುಸ್ತಕ ಕಳಿಸಲು ಇನ್ನು ಹತ್ತೊಂಬತ್ತು ದಿನವಿತ್ತು.

ರಟ್ಟಣ್ಣ ಆಸ್ಪತ್ರೆಯ ವರಾಂಡದಲ್ಲಿ ಶನಿವಾರವೆಲ್ಲ ಸುಮ್ಮನೆ ಕೂತಿದ್ದ. ಭಾನುವಾರ ಅತ್ತಿಗೆಯನ್ನು, ಅಂದರೆ ಅವನ ಹೆಂಡತಿಯನ್ನು, ಅಲ್ಲಿ ಕೂರಿಸಿ ಮನೆಗೆ ಬಂದ. ಅಕ್ಕನ ಮೇಜಿನ ಮೇಲೆ ಹಾಳೆಗಳ ಕಟ್ಟು ಅಚ್ಚುಕಟ್ಟಾಗಿ ದಾರ ಸುತ್ತಿ ಕೂತಿತ್ತು. ಅಕ್ಕ ಮನೆಯಲ್ಲೂ ಮುಗೀತು ಅಂದಿದ್ದಳಲ್ಲ. ಅವಳು ಕಣ್ಣು ಮುಚ್ಚುವ ಮೊದಲು ಅವಳ ಪುಸ್ತಕವನ್ನು ಪುಸ್ತಕದ ಹಾಗೆ ಮಾಡಿ ಅವಳ ಕೈಯಲ್ಲಿಡಬೇಕು. ಆ ಮನುಷ್ಯನ ತಲೆಯಲ್ಲಿ ಇದ್ದದ್ದು ಇದೊಂದೇ.

ಸೋಮವಾರ ನಾನು ಶಟರ್ ಎತ್ತುವಾಗಲೇ ಬಂದ. ಎದೆಗೆ ಏನನ್ನೋ ಅವಚಿಕೊಂಡಿದ್ದ. ಕಡುನೀಲಿ ಬಟ್ಟೆಯ ರಟ್ಟು, ಬೆನ್ನು ಸೀದಾ, ಮೂರೂ ಅಂಚು ಗಾಜಿನ ಹಾಗೆ ನುಣುಪು. ಮೂವತ್ತೆಂಟು ವರ್ಷದಲ್ಲಿ ಅವನು ಮಾಡಿದ ಅತ್ಯಂತ ಚೆಂದದ ಕೆಲಸ ಅದೇ ಇರಬೇಕು.

“ಹೆಂಗಿದೆ?” ಅಂದ.

“ಯಾವುದಣ್ಣ ಇದು?”

“ಅಕ್ಕನದು. ಅಲ್ಲ ಟೈಪಮ್ಮ, ನಿಂಗೆ ಮಾರ್ಜಿನ್ ಬಿಡೋಕೂ ಬರಲ್ವಾ? ಪತ್ರದಲ್ಲಿ ಬಲಗಡೆ ಒಂದಿಂಚು ಅಂತಿದೆ, ನೀನು ನೋಡಿದ್ರೆ ಎರಡು ಬಿಟ್ಟಿದೀಯ. ಮೊದಲನೇ ಹಾಳೆ ಅಳತೆ ಮಾಡಿದ್ದಕ್ಕೆ ಬಚಾವು. ಒಂದಿಂಚು ತೆಗೆದು ಸರಿಮಾಡಿದೀನಿ.”

ಪುಸ್ತಕ ಕಿತ್ತುಕೊಂಡು ತೆರೆದೆ. ಪ್ರತಿ ಪುಟದ ಬಲಗಡೆಯಲ್ಲಿ ಟೀಚರ ಸೀಸದಕಡ್ಡಿಯ ಅಕ್ಷರಗಳು ಚುಕ್ಕೆಯಿಂದ ಹೊರಟು, ಅರ್ಧ ದಾರಿಗೆ ಬಂದು, ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಒಂದು ಪುಟವಲ್ಲ, ಎರಡು ಪುಟವಲ್ಲ. ಅವನು ಅಳತೆ ಮಾಡಿದ್ದು ಪರಿವಿಡಿಯ ಹಾಳೆ; ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಉಳಿದದ್ದೆಲ್ಲ ಕವುಚಿಕೊಂಡೇ ಇತ್ತು.

ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. “ಕಣ್ಣಿಲ್ವೇನೋ ನಿಂಗೆ? ಒಂದು ಸಲ, ಒಂದೇ ಒಂದು ಸಲ ತಿರುಗಿಸಿ ನೋಡೋಕಾಗಲಿಲ್ವಾ? ಏನು ದೊಡ್ಡ ವ್ರತ ಅಂತೆ! ಸುಟ್ಟುಹೋಗ ನಿನ್ನ ವ್ರತ!” ಬೀದಿಯಲ್ಲಿ ಹೋಗುವವರು ನಿಂತರು. ಅವನು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕತ್ತರಿಸಿದ ಅಂಚಿನ ಮೇಲೆ ಆ ಚಪ್ಪಟೆ ಹೆಬ್ಬೆರಳು ಆಡಿಸಿದ. ಆಮೇಲೆ ಅಲ್ಲೇ ನನ್ನ ಮೆಟ್ಟಿಲ ಮೇಲೆ ಕೂತ.

“ಪಟ್ಟಿಗಳೆಲ್ಲಿ?” ಎಂದು ಕೇಳಿದೆ. “ಕತ್ತರಿಸಿದ ಪಟ್ಟಿಗಳು?”

“ಚೀಲಕ್ಕೆ ತುಂಬಿದೆ. ರದ್ದಿಯವನು ಈಗಷ್ಟೇ ತಗೊಂಡು ಹೋದ.”

ಆಟೋ ಹಿಡಿದು ರದ್ದಿ ಗೋದಾಮಿಗೆ ಓಡಿದೆವು. ಸೋಮವಾರ ಊರಿನ ಪ್ರೆಸ್ಸುಗಳ ಕಸವೆಲ್ಲ ಬಂದು ಬೀಳುವ ದಿನ. ಬಂದದ್ದನ್ನು ಬಂದ ಹಾಗೆ ಸುರಿದು, ಸನಿಕೆಯಿಂದ ಕಲಸಿ, ಯಂತ್ರಕ್ಕೆ ಹಾಕಿ ಒತ್ತಿ ಕಟ್ಟುತ್ತಿದ್ದರು. ಎರಡು ಕಟ್ಟು ಆಗಲೇ ಲಾರಿ ಹತ್ತಿತ್ತು. ಮಿಕ್ಕ ರಾಶಿಯ ಮೇಲೆ ರಟ್ಟಣ್ಣ ಮಂಡಿಯೂರಿ ಕೂತ. ಬಣ್ಣದ ಪಟ್ಟಿ, ಗೆರೆ ಹಾಕಿದ ಪಟ್ಟಿ, ಖಾಲಿ ಪಟ್ಟಿ, ಅದರೊಳಗೆ ಎಲ್ಲೋ ಒಂದು ಸೀಸದಕಡ್ಡಿ ಗೀಟು. ಗೋದಾಮಿನವನು ಮೊದಲು ನಕ್ಕ, ಮಧ್ಯಾಹ್ನದ ಹೊತ್ತಿಗೆ ಸುಮ್ಮನಾದ, ಸಂಜೆ ತಾನೂ ಬಂದು ಹುಡುಕಿದ. ಮುನ್ನೂರಕ್ಕೆ ನೂರ ನಲವತ್ತು ಪಟ್ಟಿ ಸಿಕ್ಕವು.

ಆಮೇಲಿನ ಹನ್ನೆರಡು ದಿನ ಯಾವ ಶತ್ರುವಿಗೂ ಬೇಡ. ಪಟ್ಟಿಗೆ ಪುಟ ಸಂಖ್ಯೆ ಇರುವುದಿಲ್ಲ. ಅರ್ಧ ಮಾತು ಪುಟದಲ್ಲಿ, ಅರ್ಧ ಮಾತು ಪಟ್ಟಿಯಲ್ಲಿ. ಓದಿ, ಅರ್ಥ ಮಾಡಿಕೊಂಡು ಕೂಡಿಸಬೇಕು. ಅಂದರೆ ರಟ್ಟಣ್ಣ ಓದಲೇಬೇಕಾಯಿತು. ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು, ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ನಾನು ಗೋಡೆಯ ಈಚೆ ಕಂಪ್ಯೂಟರಿನಲ್ಲಿ ತಿದ್ದುತ್ತಾ ಹೋದೆ.

ಮೂರನೇ ದಿನ ಗೋಡೆಯ ಆಚೆಯಿಂದ ಒಂದು ಸದ್ದು ಬಂತು. ನಗು. ನನಗೆ ಗಾಬರಿಯಾಯಿತು.

“ಏನಾಯ್ತಣ್ಣ?”

“ಈ ಹುಡುಗ ಇನ್ಸ್‌ಪೆಕ್ಟರ್ ಬಂದಾಗ ಬೆಂಚಿನ ಕೆಳಗೆ ಬಚ್ಚಿಟ್ಕೊಂಡನಂತೆ ಟೈಪಮ್ಮ. ಅಕ್ಕ ಹಾಜರಿ ಕೂಗಿದ್ರೆ ಅಲ್ಲಿಂದಲೇ ‘ಬಂದಿಲ್ಲ ಟೀಚರ್’ ಅಂದನಂತೆ.” ಹಾಳೆ ತಿರುವಿ, “ಅಕ್ಕ ಇಷ್ಟು ತಮಾಷೆ ಮಾಡ್ತಾಳಾ?” ಎಂದು ಕೇಳಿದ.

ಅರವತ್ತು ವರ್ಷದ ಮನುಷ್ಯ, ಹುಟ್ಟಿದಾಗಿನಿಂದ ಜೊತೆಗಿದ್ದ ಅಕ್ಕನ ಬಗ್ಗೆ ಇದನ್ನು ನನ್ನನ್ನು ಕೇಳುತ್ತಿದ್ದಾನೆ. ಮುಂದೆ ಅವನು ಕೆಲಸ ಮರೆತು ಕೇಳತೊಡಗಿದ. ಆ ತೊದಲುವ ಹುಡುಗಿ ಆಮೇಲೆ ಏನಾದಳು? ಆ ಅವಳಿಗಳು ಎಲ್ಲಿದ್ದಾರೆ? ಹನ್ನೊಂದು ವರ್ಷ ಕೇಳದೆ ಉಳಿದದ್ದೆಲ್ಲ ಹನ್ನೆರಡು ದಿನದಲ್ಲಿ ಹೊರಗೆ ಬಂತು, ಕೇಳಬೇಕಾದವರ ಹತ್ತಿರವಲ್ಲ, ನನ್ನ ಹತ್ತಿರ.

ಕೊನೆಗೆ ನೂರ ಮೂವತ್ತೊಂದು ಪಟ್ಟಿ ಪುಟಕ್ಕೆ ಕೂಡಿದವು. ಉಳಿದ ಕಡೆ ಸ್ಪಷ್ಟವಾಗಿ ಊಹಿಸಬಹುದಾದದ್ದನ್ನು ಹಾಕಿದೆ, ಊಹಿಸಲಾಗದ್ದನ್ನು ಇದ್ದ ಹಾಗೇ ಬಿಟ್ಟೆ. ಇನ್ನೂರ ತೊಂಬತ್ತೆಂಟನೇ ಪುಟಕ್ಕೆ ಬಂದಾಗ ಗೋಡೆಯ ಆಚೆ ಸದ್ದು ನಿಂತಿತು. ಎದ್ದು ಹೋಗಿ ನೋಡಿದೆ.

ಅದು ಕೊನೆಯ ಅಧ್ಯಾಯ, ಟೀಚರು ತಮ್ಮ ಬಗ್ಗೆ ಬರೆದುಕೊಂಡದ್ದು. ನಾನು ಟೈಪ್ ಮಾಡಿದ್ದೆ, ಮಾಡುವಾಗ ಚುರುಕ್ಕೆಂದಿತ್ತು, ಮರೆತೂ ಹೋಗಿತ್ತು. ಅಲ್ಲಿ ಹೀಗಿತ್ತು: “ನನ್ನ ತಮ್ಮ ಊರಿನವರ ಪುಸ್ತಕಗಳಿಗೆಲ್ಲ ರಟ್ಟು ಹಾಕಿದವನು. ನಾನು ಅವನ ಮನೆಯಲ್ಲಿ ಕೂತು ಇಷ್ಟು ವರ್ಷ ಬರೆದೆ. ಏನು ಬರೆಯುತ್ತಿದ್ದೀ ಅಕ್ಕ ಎಂದು ಅವನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.”

ಕೊನೆಯ ಸಾಲಿಗೆ ಚುಕ್ಕೆ ಇತ್ತು. ಅದರ ಎದುರು ಮಾರ್ಜಿನ್ನಿನಲ್ಲಿ ನಾಲ್ಕು ಸಾಲು ಸೀಸದಕಡ್ಡಿ ಬರಹ. ಮೊದಲನೆಯದು, “ಇದನ್ನು ಬದಲಿಸು.” ಅದರ ಕೆಳಗೆ, “ನನ್ನ ತಮ್ಮ”. ಅದರ ಕೆಳಗೆ, “ಅವನ ಕೈ”. ಕೊನೆಗೆ, “ಎಂದಿಗೂ”. ಮಿಕ್ಕದ್ದು ಅಂಚಿನ ಆಚೆ ಹೋಗಿತ್ತು. ಉಳಿದಿದ್ದ ಒಂಬತ್ತು ಪಟ್ಟಿಗಳನ್ನೂ ಅಲ್ಲಿಟ್ಟು ನೋಡಿದೆವು. ಯಾವುದೂ ಕೂಡಲಿಲ್ಲ. ರಟ್ಟಣ್ಣ ಗೋದಾಮಿಗೆ ಮತ್ತೆ ಹೋದ. ಅಲ್ಲಿ ನೆಲ ಗುಡಿಸಿಯಾಗಿತ್ತು.

ಅಷ್ಟರಲ್ಲಿ ಟೀಚರು ಮನೆಗೆ ಬಂದಿದ್ದರು. ಮಾತು ಹೋದವರಿಗೆ ಕೆಲವೊಮ್ಮೆ ಒಂದೇ ಒಂದು ಶಬ್ದ ಉಳಿಯುತ್ತದಂತೆ, ಡಾಕ್ಟರು ಹೇಳಿದರು. ಟೀಚರಿಗೆ ಉಳಿದದ್ದು “ಬೇಡ”. ನೀರು ಕೊಟ್ಟರೂ ಬೇಡ, ನೀರು ಕುಡಿದ ಮೇಲೂ ಬೇಡ. ಅತ್ತಿಗೆಯನ್ನು ಕರೆಯುವುದಕ್ಕೂ ಬೇಡ.

ರಟ್ಟಣ್ಣ ಪುಸ್ತಕ ಹಿಡಿದುಕೊಂಡು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತ. ಆ ಪುಟವನ್ನು ಗಟ್ಟಿಯಾಗಿ ಓದಿದ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. ಆಮೇಲೆ ಅಂಚು ತೋರಿಸಿದ.

“ಅಕ್ಕಾ, ಇದನ್ನ ನಾನೇ ಕತ್ತರಿಸಿಬಿಟ್ಟೆ. ನೋಡಲಿಲ್ಲ. ಇಲ್ಲಿ ಏನು ಬರೆದಿದ್ದೆ ಹೇಳು.”

ಟೀಚರ ಕಣ್ಣು ಆ ಪುಟದ ಮೇಲೆ ನಿಂತಿತು. ಅರ್ಥವಾಯಿತು ಅವರಿಗೆ, ನಾನು ನೋಡಿದೆ, ಎಳ್ಳಷ್ಟೂ ಅನುಮಾನವಿಲ್ಲ. ಬಾಯಿ ತೆರೆದರು. ಕತ್ತಿನ ನರ ಉಬ್ಬಿತು. “ಬೇಡ” ಅಂದರು. ಇನ್ನೊಮ್ಮೆ ಪ್ರಯತ್ನಪಟ್ಟರು. “ಬೇಡ. ಬೇಡ ಬೇಡ.”

“ಈ ಮಾತು ತೆಗೆದುಬಿಡಲಾ ಅಕ್ಕ?”

“ಬೇಡ.”

“ಹಾಗಾದ್ರೆ ಹೀಗೇ ಬಿಡಲಾ?”

“ಬೇಡ.”

ಎಡಗೈಗೆ ಪೆನ್ಸಿಲ್ ಕೊಟ್ಟೆ. ಹಾಳೆಯ ಮೇಲೆ ಎರಡು ಸೊಟ್ಟ ಗೀಟು ಎಳೆದರು, ಪೆನ್ಸಿಲ್ ಬಿಸಾಡಿದರು, ಅಳತೊಡಗಿದರು. ನಲವತ್ತು ವರ್ಷ ಅಕ್ಷರ ಕಲಿಸಿದ ಹೆಂಗಸು! ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಅತ್ತಿಗೆಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ.

ಕಳಿಸಲು ಎರಡೇ ದಿನ ಉಳಿದಾಗ ನಾನು ಹೇಳಿದೆ, “ಅಣ್ಣ, ಬದಲಿಸು ಅಂತ ಅವರೇ ಬರೆದಿದ್ದಾರೆ. ಅಂದಮೇಲೆ ಅದನ್ನ ತೆಗೆದುಬಿಡೋಣ. ಇಲ್ಲಾಂದ್ರೆ ನಾನೇ ಎರಡು ಸಾಲು ಬರೀತೀನಿ, ನನ್ನ ತಮ್ಮ ಬಂಗಾರದಂಥವನು, ಅವನ ಕೈ ಹೀಗೆ, ಎಂದಿಗೂ ಹಾಗೆ ಅಂತ. ಯಾರಿಗೆ ಗೊತ್ತಾಗುತ್ತೆ?”

“ನನ್ನನ್ನ ನಾನೇ ಹೊಗಳಿಕೊಂಡು ಅಕ್ಕನ ಹೆಸರು ಹಾಕೋದಾ?”

“ಸರಿ, ಹಾಗಾದ್ರೆ ತೆಗೆಯೋಣ.”

ಅವನು ಅಂಟಿನ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸುತ್ತಾ ನಿಂತ. “ಮುನ್ನೂರ ಹನ್ನೆರಡು ಪುಟ ಓದಿದೆ ಟೈಪಮ್ಮ. ಊರ ಮಕ್ಕಳೆಲ್ಲ ಇದಾರೆ. ನಾನಿರೋದು ಇಲ್ಲಿ ಮಾತ್ರ. ಇದನ್ನೂ ತೆಗೆದ್ರೆ ಅಕ್ಕನ ಪುಸ್ತಕದಲ್ಲಿ ನಾನು ಇರೋದೇ ಇಲ್ಲ.”

ಇದಕ್ಕೆ ಏನು ಹೇಳುತ್ತೀರಿ? ಹಾಗೇ ಪ್ರಿಂಟ್ ತೆಗೆದೆ. ಬಲಗಡೆ ಒಂದಿಂಚು, ಅಳೆದು. ಅವನು ಒಂದೊಂದೇ ಹಾಳೆಯನ್ನು ಮುಖ ಮೇಲೆ ಮಾಡಿ, ನೋಡಿ ನೋಡಿ ಜೋಡಿಸಿ ಹೊಲಿದ. ಕಟಿಂಗ್ ಮಷಿನ್ನಿಗೆ ಕೊಡಲಿಲ್ಲ. ಅಂಚು ಒರಟಾಗಿಯೇ ಹೋಯಿತು. ಹೊಲಿಗೆ ಒಂದು ಕಡೆ ಸ್ವಲ್ಪ ಸೊಟ್ಟಗಿತ್ತು. ಅವತ್ತಿನಿಂದ ಅವನು ಬೇರೆಯವರ ಕೆಲಸ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದ. ಬಂದವರಿಗೆ ಕೈ ನಡುಗುತ್ತೆ ಅನ್ನುತ್ತಾನೆ. ಕೈ ಏನೂ ನಡುಗುವುದಿಲ್ಲ.

ಟೀಚರು ಎರಡು ತಿಂಗಳಿಗೆ ತೀರಿಕೊಂಡರು. ಅಷ್ಟು ದಿನವೂ ರಟ್ಟಣ್ಣ ಸಂಜೆ ಅವರ ಪಕ್ಕ ಕೂತು ಆ ನೀಲಿ ಪುಸ್ತಕದಿಂದ ಅವರದೇ ಅಧ್ಯಾಯಗಳನ್ನು ಓದಿ ಹೇಳುತ್ತಿದ್ದನಂತೆ. ಅವರಿಗೆ ಸಂತೋಷವಾಗುತ್ತಿತ್ತೋ, ಸಂಕಟವಾಗುತ್ತಿತ್ತೋ, ಅತ್ತಿಗೆಗೂ ತಿಳಿಯಲಿಲ್ಲ. ಅವರು ಹೇಳುತ್ತಿದ್ದದ್ದು ಅದೊಂದೇ ಮಾತು.

ಇನ್ನೂ ಎರಡು ತಿಂಗಳು ಕಳೆದ ಮೇಲೆ ಕಡಲಾಚೆಯಿಂದ ಲಕೋಟೆ ಬಂತು. ಪುಸ್ತಕ ತೆಗೆದುಕೊಳ್ಳುತ್ತೇವೆ ಎಂದಿದ್ದರು, ತುಂಬ ಮೆಚ್ಚಿ ಬರೆದಿದ್ದರು. ಮಕ್ಕಳ ಹೆಸರುಗಳನ್ನೆಲ್ಲ ಟೀಚರು ಬದಲಿಸಿಯೇ ಬರೆದಿದ್ದರಿಂದ ಅಲ್ಲಿ ತೊಡಕಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ಬರುವ ತಮ್ಮ ಯಾರೆಂದು ಓದಿದವರಿಗೆ ಗೊತ್ತಾಗುತ್ತದೆ. ಆ ತಮ್ಮ ಬದುಕಿದ್ದರೆ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಅವರ ಸಹಿ ಬೇಕು, ಅದು ಬಾರದೆ ಅಚ್ಚು ಮಾಡುವಂತಿಲ್ಲ.

ರಟ್ಟಣ್ಣ ನನ್ನ ಎದುರು ಕೂತ. “ಏನಂತಿದೆ ಓದು” ಅಂದ. ನಾನು ಒಪ್ಪಿಗೆ ಪತ್ರದ ಅರ್ಥ ಹೇಳಿದೆ. “ಈ ಪುಸ್ತಕದಲ್ಲಿ ನನ್ನ ಬಗ್ಗೆ ಬರೆದಿರುವುದನ್ನು ನಾನು ಓದಿದ್ದೇನೆ. ಅದು ನಿಜವೆಂದು ಒಪ್ಪುತ್ತೇನೆ. ಅದನ್ನು ಬದಲಿಸಬೇಕೆಂದು ಮುಂದೆ ಯಾವ ಕಾಲಕ್ಕೂ ಕೇಳುವುದಿಲ್ಲ.”

“ಹಾಕಬೇಡ ಅಣ್ಣ” ಅಂದೆ. “ಇದು ಟೀಚರ ಕೊನೇ ಮಾತಲ್ಲ ಅಂತ ನಾನು ಅವರಿಗೆ ಕಾಗದ ಬರೀತೀನಿ. ಟೀಚರು ಬೇರೇನೋ ಬರೆದಿದ್ರು, ಒಳ್ಳೇದೇ ಬರೆದಿದ್ರು.”

“ಏನು ಬರೆದಿದ್ಲು?”

ನಾನು ಪೆನ್ನನ್ನು ನನ್ನ ಕಡೆಗೆ ಎಳೆದುಕೊಂಡೆ.

“ನಾನು ಕೇಳಲಿಲ್ಲ ಟೈಪಮ್ಮ. ಅಷ್ಟಂತೂ ನಿಜ ತಾನೆ?” ಎಂದು ಪೆನ್ನು ತೆಗೆದುಕೊಂಡು ಸಹಿ ಹಾಕಿದ. ಸಹಿಯ ಕೆಳಗೆ, ಲೇಖಕರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿ ಒಂದು ಗೆರೆಯಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ‘ತಮ್ಮ’ ಎಂದು ಬರೆದ. ಬರೆದ ಮೇಲೂ ಆ ಗೆರೆಯನ್ನೇ ನೋಡುತ್ತಾ ಕೂತ. ಲಕೋಟೆಗೆ ಹಾಕಲೆಂದು ನಾನು ಕಾಗದಕ್ಕೆ ಕೈ ಚಾಚಿದರೂ ಕೊಡಲಿಲ್ಲ.